ಪಿಯುಸಿ ಆದ ಮೇಲೆ ನರ್ಸಿಂಗ್, ಲ್ಯಾಬ್, ಫಿಸಿಯೋ: ಮೈಸೂರು, ಮಂಡ್ಯದವರು ಸೀಟು ಹಿಡಿಯುವ ಮುನ್ನ

ನೀಟ್ ಅಂಕ ಎಂಬಿಬಿಎಸ್‌ಗೆ ಸಾಲದು ಅಂತ ಗೊತ್ತಾದ ವಾರವೇ ಏಜೆಂಟರ ಫೋನು ಶುರುವಾಗುತ್ತದೆ. ನರ್ಸಿಂಗ್ ಇದೆ, ರೇಡಿಯಾಲಜಿ ಇದೆ, ಓಟಿ (ಆಪರೇಷನ್ ಥಿಯೇಟರ್) ಟೆಕ್ನಾಲಜಿ ಇದೆ, ಇವತ್ತೇ ಅಡ್ವಾನ್ಸ್ ಕಟ್ಟಿ ಸೀಟು ಹಿಡಿದುಕೊಳ್ಳಿ ಎನ್ನುತ್ತಾರೆ. ಕಟ್ಟಬೇಡಿ. ಮೊದಲು ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು, ಆ ಕಾಲೇಜಿನ ಮಕ್ಕಳು ಯಾವ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಾರೋ ಅಲ್ಲಿಗೆ ಹೋಗಿ ಬನ್ನಿ. ಈ ಓದಿನಲ್ಲಿ ಕೈ ಪಳಗುವುದು ರೋಗಿಯ ಹಾಸಿಗೆ ಪಕ್ಕದಲ್ಲಿ. ರೋಗಿಗಳೇ ಇಲ್ಲದ ಆಸ್ಪತ್ರೆಯ ಕಾಲೇಜಿಗೆ ಸೇರಿದರೆ ನಾಲ್ಕು ವರ್ಷ ಗೊಂಬೆಗೇ ಸೂಜಿ ಚುಚ್ಚಿ ಹೊರಬರಬೇಕಾಗುತ್ತದೆ.

ಹೋಗುವುದಾದರೆ ಸೋಮವಾರ, ಒಂಬತ್ತೂವರೆ ಹೊತ್ತಿಗೆ ಹೋಗಿ. ಭಾನುವಾರದ ರಜೆ ಕಳೆದ ಬೆಳಗ್ಗೆಯೂ ಒಪಿಡಿ (ಹೊರರೋಗಿ ವಿಭಾಗ) ಖಾಲಿ ಹೊಡೆಯುತ್ತಿದ್ದರೆ ಉಳಿದ ದಿನದ ಕತೆ ಕೇಳುವುದೇ ಬೇಡ. ಚೀಟಿ ಬರೆಸುವ ಕೌಂಟರಿನಲ್ಲಿ ಟೋಕನ್ ಎಷ್ಟನೇ ನಂಬರಿಗೆ ಬಂದಿದೆ ನೋಡಿ. ಆಮೇಲೆ ಜನರಲ್ ವಾರ್ಡಿನ ಬಾಗಿಲಲ್ಲಿ ನಿಂತು ತುಂಬಿದ ಹಾಸಿಗೆ ಎಷ್ಟು, ಒಬ್ಬ ರೋಗಿಯ ಸುತ್ತ ಸಮವಸ್ತ್ರದ ಮಕ್ಕಳು ಎಷ್ಟು ಅಂತ ಎಣಿಸಿ. ನರ್ಸಿಂಗ್ ಕಾಲೇಜಿಗೆ ಸ್ವಂತ ಆಸ್ಪತ್ರೆಯಲ್ಲಿ ಕನಿಷ್ಠ 100 ಹಾಸಿಗೆ ಇರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮ. ಕಾಗದದಲ್ಲಿ ನೂರು ಇದ್ದೇ ಇರುತ್ತದೆ. ನೀವು ನೋಡಬೇಕಾದದ್ದು ಆ ನೂರರಲ್ಲಿ ಮಲಗಿರುವವರು ಎಷ್ಟು ಜನ ಅನ್ನುವುದನ್ನು.

ಕ್ಯಾಂಟೀನಿನಲ್ಲಿ ಮೂರನೇ ವರ್ಷದ ಒಬ್ಬರನ್ನು ಹಿಡಿದು ಮಾತನಾಡಿಸಿ. ಇಲ್ಲಿಯವರೆಗೆ ಎಷ್ಟು ಕ್ಯಾನುಲಾ (ಡ್ರಿಪ್ಪಿಗೆ ರಕ್ತನಾಳದಲ್ಲಿ ಇಡುವ ಸಣ್ಣ ಕೊಳವೆ) ಹಾಕಿದ್ದೀರಿ? ನೈಟ್ ಡ್ಯೂಟಿಯಲ್ಲಿ ಹೇಳಿಕೊಡಲು ಯಾರಾದರೂ ಇರುತ್ತಾರಾ? ಮಾಡಿದ ಕೆಲಸ ಬರೆದಿಡುವ ಲಾಗ್ ಪುಸ್ತಕಕ್ಕೆ ಸಹಿ ಕೆಲಸ ನೋಡಿ ಹಾಕುತ್ತಾರೋ, ವರ್ಷದ ಕೊನೆಗೆ ಒಟ್ಟಿಗೆ ಹಾಕಿಬಿಡುತ್ತಾರೋ? ಲ್ಯಾಬ್ ಕೋರ್ಸಿನವರಾದರೆ ರಕ್ತ ತೆಗೆಯಲು ಬಿಡುತ್ತಾರಾ ಅಥವಾ ಟ್ಯೂಬಿಗೆ ಸ್ಟಿಕ್ಕರ್ ಅಂಟಿಸುವುದಷ್ಟೇನಾ ಅಂತ ಕೇಳಿ. ಇಮೇಜಿಂಗ್‌ನವರಾದರೆ ಸಿಟಿ, ಎಂಆರ್‌ಐ ಆಸ್ಪತ್ರೆಯದೇನಾ ಹೊರಗಿನವರದಾ ಅಂತ ಕೇಳಿ. ಹೊರಗಿನವರಿಗೆ ಗುತ್ತಿಗೆ ಕೊಟ್ಟ ಯಂತ್ರವನ್ನು ವಿದ್ಯಾರ್ಥಿ ಕೈಗೆ ಸುಲಭವಾಗಿ ಕೊಡುವುದಿಲ್ಲ.

ಈ ಲೆಕ್ಕದಲ್ಲಿ ನಮ್ಮ ಭಾಗದವರು ಅದೃಷ್ಟವಂತರೇ. 1924ರಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜಿನ ಜೊತೆಗೆ ಕೆ.ಆರ್. ಆಸ್ಪತ್ರೆ, ಚೆಲುವಾಂಬ ಇವೆ. ಹುಣಸೂರು, ಎಚ್.ಡಿ. ಕೋಟೆ, ಚಾಮರಾಜನಗರದ ಕಡೆಯ ಜನವೆಲ್ಲ ಅಲ್ಲಿಗೇ ಬರುವುದು. ಮಂಡ್ಯದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್ ಇದೆ. ಜೆಎಸ್‌ಎಸ್ ಸಂಸ್ಥೆಯ ಕಾಲೇಜುಗಳಿಗೆ ಅವರದೇ ದೊಡ್ಡ ಆಸ್ಪತ್ರೆ ಇದೆ. ಹೃದಯದ ಕೆಲಸ ಹೇಗಿರುತ್ತದೆ ನೋಡಬೇಕೆಂದರೆ ಕೆಆರ್‌ಎಸ್ ರಸ್ತೆಯ ಜಯದೇವ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಗದ್ದಲ ಜಾಸ್ತಿ, ಕಲಿಯಲು ಸಿಗುವುದೂ ಜಾಸ್ತಿ.

ಇನ್ನು ಯಾವ ಕೋರ್ಸು ಅನ್ನುವ ಮಾತು. ಹೆಸರು ಕೇಳಿ ಆರಿಸುವುದಕ್ಕಿಂತ ದಿನದ ಕೆಲಸ ನೋಡಿ ಆರಿಸಿ. ಬಿಎಸ್ಸಿ ನರ್ಸಿಂಗ್ 4 ವರ್ಷ, 8 ಸೆಮಿಸ್ಟರ್. ನಿಂತು ಮಾಡುವ ಕೆಲಸ, ಮೂರು ಪಾಳಿ, ಮಲ ಮೂತ್ರ ಸಾವು ಎಲ್ಲವೂ ಕಣ್ಣೆದುರು. ಅದಕ್ಕೆ ಹೇಸದವರಿಗೆ ಇಷ್ಟು ಖಾತ್ರಿಯಾಗಿ ಕೆಲಸ ಸಿಗುವ ಓದು ಇನ್ನೊಂದಿಲ್ಲ. 3 ವರ್ಷದ ಜಿಎನ್‌ಎಂ ಡಿಪ್ಲೊಮಾ ಮಾಡಿಯೂ ನರ್ಸ್ ಆಗಬಹುದು. ಆದರೆ ಬೋಧನೆ, ಎಂಎಸ್ಸಿ ಎಂದರೆ ಮತ್ತೆ 2 ವರ್ಷ ಪೋಸ್ಟ್ ಬೇಸಿಕ್ ಬಿಎಸ್ಸಿ ಓದಬೇಕು. ಸೀಟು ಸಿಗುವಂತಿದ್ದರೆ ನೇರ ಬಿಎಸ್ಸಿಯೇ ಮೇಲು.

ಎಂಎಲ್‌ಟಿ (ಲ್ಯಾಬ್ ಕೋರ್ಸು), ಇಮೇಜಿಂಗ್ (ಎಕ್ಸ್‌ರೇ, ಸ್ಕ್ಯಾನ್), ಅನಸ್ತೇಶಿಯಾ ಮತ್ತು ಓಟಿ, ಡಯಾಲಿಸಿಸ್, ಕಾರ್ಡಿಯಾಕ್ ಕೇರ್, ಆಪ್ಟೋಮೆಟ್ರಿ (ಕಣ್ಣಿನ ಪರೀಕ್ಷೆ), ಇವೆಲ್ಲ ಅಲೈಡ್ ಹೆಲ್ತ್ ಗುಂಪಿನವು. ರಾಜೀವ್ ಗಾಂಧಿ ವಿವಿಯಡಿ 3 ವರ್ಷ ಪಾಠ, 1 ವರ್ಷ ಇಂಟರ್ನ್‌ಷಿಪ್. ಇವುಗಳಲ್ಲಿ ಎಂಎಲ್‌ಟಿ ಮಾಡಿದವರಿಗೆ ತಾಲ್ಲೂಕು ಕೇಂದ್ರದಲ್ಲೂ ಕೆಲಸ ಸಿಗುತ್ತದೆ. ಆಪರೇಷನ್ ಹೊತ್ತಿನಲ್ಲಿ ಹೃದಯದ ಕೆಲಸ ಮಾಡುವ ಯಂತ್ರ ನಡೆಸುವ ಪರ್ಫ್ಯೂಷನ್‌ನಂಥದ್ದಕ್ಕೆ ತೆರೆದ ಹೃದಯ ಶಸ್ತ್ರಚಿಕಿತ್ಸೆ ನಡೆಯುವ ಊರೇ ಬೇಕು, ಮಳವಳ್ಳಿಯಲ್ಲಿ ಕೂತು ಮಾಡುವ ಕೆಲಸವಲ್ಲ ಅದು. ಫಿಸಿಯೋಥೆರಪಿಗೆ 4 ವರ್ಷ ಪಾಠ, ಅದರ ಮೇಲೆ ಇಂಟರ್ನ್‌ಷಿಪ್. ಸ್ವಂತ ಕ್ಲಿನಿಕ್ ಇಡಬಹುದೆಂಬ ಆಸೆಗೆ ಬಹಳ ಜನ ಸೇರುತ್ತಾರೆ. ಮೊದಲ ಕೆಲವು ವರ್ಷ ಸಂಬಳ ಕಡಿಮೆ, ಅದಕ್ಕೆ ಮನೆಯವರು ತಯಾರಿರಬೇಕು. ಬಿ.ಫಾರ್ಮ 4 ವರ್ಷ. ಮೆಡಿಕಲ್ ಶಾಪ್ ಇಡುವುದಷ್ಟೇ ಗುರಿಯಾದರೆ 2 ವರ್ಷದ ಡಿ.ಫಾರ್ಮ, ಜೊತೆಗೆ 500 ಗಂಟೆಯ ತರಬೇತಿ ಸಾಕು.

ಮೈಸೂರಿನವರೇ ಮರೆತುಬಿಡುವ ಒಂದು ಕೋರ್ಸಿದೆ. ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಬಿಎಎಸ್‌ಎಲ್‌ಪಿ, ಅಂದರೆ ಮಾತು ಮತ್ತು ಕಿವಿ ಕೇಳಿಸುವಿಕೆಯ ತೊಂದರೆಗಳ ಪದವಿ. ಕೊನೆಯ ವರ್ಷದ ಇಂಟರ್ನ್‌ಷಿಪ್ ಸೇರಿ 4 ವರ್ಷ. ದೇಶದ ಮೂಲೆಮೂಲೆಯಿಂದ ಮಕ್ಕಳು ಬಂದು ಓದುತ್ತಾರೆ. ನಮ್ಮವರು ಸಿಇಟಿ ಪಟ್ಟಿಯಲ್ಲಿ ಹುಡುಕಿ ಇಲ್ಲವೆಂದು ಸುಮ್ಮನಾಗುತ್ತಾರೆ, ಯಾಕೆಂದರೆ ಪ್ರವೇಶ ಪರೀಕ್ಷೆಯನ್ನು ಸಂಸ್ಥೆಯೇ ನಡೆಸುತ್ತದೆ. ಅರ್ಜಿಯ ತಾರೀಖು ಅವರ ಜಾಲತಾಣದಲ್ಲೇ ನೋಡಬೇಕು. ಜೀವಶಾಸ್ತ್ರದ ಬದಲು ಗಣಿತ ಓದಿದವರೂ ಹಾಕಬಹುದು. ಮಾತು ತಡವಾದ ಮಗುವಿಗೆ ಕನ್ನಡದಲ್ಲಿ ಮಾತು ಕಲಿಸಲು ಕನ್ನಡ ಚೆನ್ನಾಗಿ ಬಲ್ಲವರೇ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ್ದು ಇಲ್ಲಿ ಬಂಡವಾಳ.

ಸೇರುವ ಮುನ್ನ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಓದು ಮುಗಿದ ಮೇಲೆ ನೋಂದಣಿ ಎಲ್ಲಿ ಅನ್ನುವುದು. ನರ್ಸಿಂಗ್‌ಗೆ ರಾಜ್ಯ ನರ್ಸಿಂಗ್ ಕೌನ್ಸಿಲ್, ಫಾರ್ಮಸಿಗೆ ರಾಜ್ಯ ಫಾರ್ಮಸಿ ಕೌನ್ಸಿಲ್, ಬಿಎಎಸ್‌ಎಲ್‌ಪಿಗೆ ಭಾರತೀಯ ಪುನರ್ವಸತಿ ಪರಿಷತ್ತು. ಫಿಸಿಯೋ ಮತ್ತು ಅಲೈಡ್ ಹೆಲ್ತ್ ಕೋರ್ಸುಗಳಿಗೆ 2021ರ ಕಾಯ್ದೆಯಡಿ ರಾಷ್ಟ್ರೀಯ ಆಯೋಗ ಬಂದಿದೆ. ಪಠ್ಯ, ಅವಧಿ, ಪ್ರವೇಶದ ಅರ್ಹತೆ ಎಲ್ಲವನ್ನೂ ಅದು ತಿದ್ದುತ್ತಿದೆ. ಹಾಗಾಗಿ ಹೋದ ವರ್ಷ ಸೇರಿದ ಅಕ್ಕನ ಮಾತು ಈ ವರ್ಷ ನಡೆಯದೇ ಇರಬಹುದು. ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಈ ಸಾಲಿಗೆ ಕೊಟ್ಟ ಮಾಹಿತಿ ಪುಸ್ತಿಕೆಯನ್ನೇ ಓದಿ. ಕಾಲೇಜಿನ ಹೆಸರು ವಿವಿಯ ಸಂಯೋಜಿತ ಪಟ್ಟಿಯಲ್ಲಿದೆಯೇ, ಆ ಕೋರ್ಸಿಗೆ ಎಷ್ಟು ಸೀಟಿನ ಮಂಜೂರಾತಿ ಇದೆ ಅಂತ ನೀವೇ ತೆಗೆದು ನೋಡಿ. ಮಂಜೂರಾದದ್ದಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡರೆ ಪರೀಕ್ಷೆ ಹೊತ್ತಿಗೆ ಹಾಲ್ ಟಿಕೆಟ್ ಬರುವುದಿಲ್ಲ.

ಸಿಇಟಿ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಅಂದಮೇಲೆ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಜನ ಎಡವುವುದು ಪರೀಕ್ಷೆಗಿಂತ ಕಾಗದಪತ್ರದಲ್ಲಿ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗೆ, ಹತ್ತೂ ವರ್ಷ, ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಿಗೂ ಹತ್ತು ವರ್ಷವೇ. ವ್ಯಾಸಂಗ ಪ್ರಮಾಣ ಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಆದ ಮೇಲೆ ಬಿಇಒ ಮೇಲುಸಹಿ ಆಗಬೇಕು. ಎರಡು ಮೂರು ಶಾಲೆ ಬದಲಾಯಿಸಿದವರು ಪ್ರತಿ ಶಾಲೆಗೂ ಅಲೆಯಬೇಕು, ತಾಲ್ಲೂಕು ಬೇರೆಯಾದರೆ ಬಿಇಒ ಕಚೇರಿಯೂ ಬೇರೆ. ಈ ಓಡಾಟವನ್ನು ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಮುಗಿಸಿ. ಜಾತಿ, ಆದಾಯ ಪತ್ರಗಳನ್ನು ನಾಡಕಚೇರಿಯಲ್ಲಿ ಮಾಡಿಸಿದ ಕೂಡಲೇ ಅದರ ಆರ್‌ಡಿ ಸಂಖ್ಯೆ, ಹೆಸರು, ಪ್ರವರ್ಗ ಸರಿಯಿದೆಯೇ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಜಾತಿ ಪತ್ರದಲ್ಲಿ ಅಪ್ಪನ ಹೆಸರು ಪೂರ್ತಿ: ಹೀಗೆ ಮೂರು ತರ ಇದ್ದರೆ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೂ ಆಗಿರಬೇಕು, ಇಲ್ಲದಿದ್ದರೆ ಮಂಜೂರಾದ ಹಣ ಖಾತೆಗೆ ಬೀಳುವುದಿಲ್ಲ.

ಬೇಕಾದ ಕಾಲೇಜು, ಕೋರ್ಸುಗಳನ್ನು ಸಾಲಾಗಿ ಬರೆಯುವ ಆಪ್ಷನ್ ಎಂಟ್ರಿಯಲ್ಲಿ ನಿಜವಾಗಿ ಬೇಕಾದದ್ದನ್ನೇ ಮೇಲೆ ಬರೆಯಿರಿ. ಮೇಲಿನದು ಸಿಕ್ಕಿತೆಂದರೆ ಕೆಳಗಿನವೆಲ್ಲ ತಾವಾಗಿ ಹೋಗುತ್ತವೆ. ಸೀಟು ಸಿಕ್ಕಿ ತೃಪ್ತಿಯಿದ್ದರೆ ಚಾಯ್ಸ್ 1. ಇದು ಇರಲಿ, ಮೇಲಿನದಕ್ಕೂ ನೋಡೋಣ ಎಂದರೆ ಚಾಯ್ಸ್ 2. ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಹಳೆಯ ಸೀಟು ಆಗಲೇ ಬೇರೆಯವರ ಪಾಲು, ವಾಪಸ್ ಕೇಳಿದರೆ ಕೊಡುವುದಿಲ್ಲ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವ ಯೋಚನೆಯಿದ್ದರೆ ಪಾಠದ ದಿನಕ್ಕೆ ಸರಿ, ಬೆಳಗಿನ ಪಾಳಿಗೆ ಮತ್ತು ನೈಟ್ ಡ್ಯೂಟಿಗೆ ನಡೆಯುವುದಿಲ್ಲ. ಹಾಸ್ಟೆಲ್ ಅರ್ಜಿಯನ್ನೂ ಜೊತೆಗೇ ಹಾಕಿ.

ಸೇರಿದ ಮೊದಲ ವಾರದ ಕೆಲಸ ಹೆಪಟೈಟಿಸ್ ಬಿ ಲಸಿಕೆ. ಮೊದಲ ಡೋಸ್, ಅದಾಗಿ 1 ತಿಂಗಳಿಗೆ ಎರಡನೆಯದು, ಮೊದಲನೆಯದಾಗಿ 6 ತಿಂಗಳಿಗೆ ಮೂರನೆಯದು. ವಾರ್ಡಿಗೆ ಹೋಗುವ ಹಿಂದಿನ ದಿನ ಚುಚ್ಚಿಸಿಕೊಂಡರೆ ರಕ್ಷಣೆ ಇರುವುದಿಲ್ಲ. ಮೂರನೇ ಡೋಸ್ ಆಗಿ 1–2 ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯದ ಮಟ್ಟ 10 ಎಂಐಯು/ಎಂಎಲ್ ದಾಟಿದೆಯೇ ನೋಡಿಸಿ. ಹಾಗಿದ್ದೂ ಬಳಸಿದ ಸೂಜಿ ಕೈಗೆ ಚುಚ್ಚಿತೆನ್ನಿ. ಬೆರಳು ಹಿಂಡಬೇಡಿ. ಸೋಪು ನೀರಿನಲ್ಲಿ ತೊಳೆದು ತಕ್ಷಣ ಹೇಳಿ. ಎಚ್‌ಐವಿ ತಡೆಯ ಮಾತ್ರೆಯನ್ನು 2 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ಮೀರಬಾರದು, 28 ದಿನ ನುಂಗಬೇಕು. ಸಿಸ್ಟರ್ ಬೈಯುತ್ತಾರೆಂದು ಮುಚ್ಚಿಡುವ ಮಕ್ಕಳೇ ಹೆಚ್ಚು. ಬೈಗುಳ ಒಂದು ದಿನಕ್ಕೆ ಮುಗಿಯುತ್ತದೆ.

ಕನ್ನಡ ಮಾಧ್ಯಮದವರು ಮೊದಲ ವರ್ಷ ಅನಾಟಮಿಯಲ್ಲಿ ಮುಗ್ಗರಿಸುವುದು ಬುದ್ಧಿ ಸಾಲದೆ ಅಲ್ಲ, ಪದ ಗೊತ್ತಿಲ್ಲದೆ. ಪೂರ್ತಿ ಪದ ಉರುಹೊಡೆಯುವ ಬದಲು ತುಂಡು ಕಲಿಯಿರಿ. ಹೆಪಟೋ ಯಕೃತ್ತು, ನೆಫ್ರೋ ಮೂತ್ರಪಿಂಡ, ಗ್ಯಾಸ್ಟ್ರೋ ಜಠರ. ಕೊನೆಯಲ್ಲಿ ಐಟಿಸ್ ಬಂದರೆ ಉರಿಯೂತ, ಎಕ್ಟಮಿ ಬಂದರೆ ಕೊಯ್ದು ತೆಗೆದದ್ದು, ಆಸ್ಟಮಿ ಬಂದರೆ ದಾರಿ ಕೊರೆದದ್ದು. ನೂರು ತುಂಡು ಬಂದರೆ ಸಾವಿರ ಪದ ತಾನಾಗಿ ಬಿಡಿಸಿಕೊಳ್ಳುತ್ತವೆ. ಹೈಪರ್ (ಹೆಚ್ಚು), ಹೈಪೋ (ಕಡಿಮೆ) ಎರಡನ್ನು ಮಾತ್ರ ಜೋರಾಗಿ, ಬಿಡಿಸಿ ಹೇಳುವ ಅಭ್ಯಾಸ ಮಾಡಿ, ಫೋನಿನಲ್ಲಿ ಒಂದೇ ತರ ಕೇಳಿಸುತ್ತವೆ. ಇನ್ನೊಂದು ಕಡೆ, 'ಎದೆ ಹಿಡ್ಕಂಡಂಗದೆ', 'ಕೈಕಾಲು ಜೋಮು ಹಿಡಿತದೆ' ಎಂದ ರೋಗಿಯ ಮಾತನ್ನು ಕೇಸ್ ಶೀಟಿಗೆ ಸರಿಯಾಗಿ ಇಳಿಸಬಲ್ಲವರು ನೀವೇ.

ಕೈಕೆಲಸದಲ್ಲಿ ಎರಡು ಸಂಗತಿಗಳನ್ನು ಈಗಲೇ ಕಲಿತಿಟ್ಟುಕೊಳ್ಳಿ. ಒಂದು, ಡ್ರಿಪ್ಪಿನ ಲೆಕ್ಕ. 500 ಎಂಎಲ್ ಬಾಟಲಿ 4 ಗಂಟೆಯಲ್ಲಿ ಮುಗಿಯಬೇಕು, ಡ್ರಿಪ್ ಕೊಳವೆಯ ಸೆಟ್ಟಿನ ಮೇಲೆ 1 ಎಂಎಲ್‌ಗೆ 20 ಹನಿ ಎಂದು ಬರೆದಿದೆ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ 41.7, ಅಂದರೆ ನಿಮಿಷಕ್ಕೆ 42 ಹನಿ. ತಪ್ಪಾಗುವುದು ಗುಣಾಕಾರದಲ್ಲಿ ಕಡಿಮೆ, ಸೆಟ್ಟಿನ ಮೇಲೆ ಬರೆದದ್ದನ್ನು ಓದದೇ ಇರುವುದರಲ್ಲಿ ಜಾಸ್ತಿ. ಮಕ್ಕಳಿಗೆ ಹಾಕುವ ಮೈಕ್ರೋ ಸೆಟ್ಟಿನಲ್ಲಿ 1 ಎಂಎಲ್‌ಗೆ 60 ಹನಿ.

ಇನ್ನೊಂದು, ರಕ್ತ ತೆಗೆಯುವಾಗ ಟ್ಯೂಬುಗಳನ್ನು ತುಂಬಿಸುವ ಸರದಿ. ಕಲ್ಚರ್ ಬಾಟಲಿ ಮೊದಲು, ಆಮೇಲೆ ತಿಳಿನೀಲಿ ಮುಚ್ಚಳ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕಡೆಗೆ ಬೂದು. ನೇರಳೆ ಟ್ಯೂಬಿನಲ್ಲಿ ಪೊಟ್ಯಾಸಿಯಂ ಇರುವ ಇಡಿಟಿಎ ಇರುತ್ತದೆ. ಅದರ ಒಂದು ಹನಿ ಕೆಂಪು ಟ್ಯೂಬಿಗೆ ಸೇರಿದರೂ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಏರಿ ಕ್ಯಾಲ್ಸಿಯಂ ಇಳಿದಿರುತ್ತದೆ, ಇಲ್ಲದ ಕಾಯಿಲೆಗೆ ವೈದ್ಯರು ಓಡಾಡುತ್ತಾರೆ. ತೋಳಿನ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿಡಬೇಡಿ. ತಿಳಿನೀಲಿಯನ್ನು ಗೆರೆಯವರೆಗೆ ತುಂಬಿಸಿ, ಅದರಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ ಎಂಬ ಲೆಕ್ಕವಿದೆ, ಕಡಿಮೆಯಾದರೆ ಹೆಪ್ಪುಗಟ್ಟುವ ಸಮಯ ತಪ್ಪು ಬರುತ್ತದೆ. ನೇರಳೆಯನ್ನು 8–10 ಸಲ ನಿಧಾನವಾಗಿ ಮಗುಚಬೇಕು. ಕುಲುಕಿದರೆ ರಕ್ತಕಣ ಒಡೆಯುತ್ತವೆ.

ಸರ್ಕಾರಿ ಕೆಲಸದ ಆಸೆಯಿರುವ ನರ್ಸಿಂಗ್‌ನವರು ಏಮ್ಸ್ ನಡೆಸುವ ನಾರ್ಸೆಟ್ ಎಂಬ ನರ್ಸಿಂಗ್ ನೇಮಕಾತಿ ಪರೀಕ್ಷೆಗೆ ಮೂರನೇ ವರ್ಷದಿಂದಲೇ ಓದಬೇಕು. ಅಲ್ಲಿ ಬಿಎಸ್ಸಿಯವರಿಗೆ ಅನುಭವ ಕೇಳುವುದಿಲ್ಲ, ಜಿಎನ್‌ಎಂನವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷ ಕೇಳುತ್ತದೆ.

ಇಂಟರ್ನ್‌ಷಿಪ್ ಮುಗಿದ ದಿನವೇ ಪೂರ್ಣಗೊಂಡ ಪತ್ರ ಬರೆಸಿಕೊಳ್ಳಿ. ಸೇರಿದ ದಿನ, ಮುಗಿದ ದಿನ, ವಿಭಾಗವಾರು ದಿನಗಳು ಮೂರೂ ಅದರಲ್ಲಿರಲಿ. ಲಾಗ್ ಪುಸ್ತಕವನ್ನು ಕಾಲೇಜಿಗೆ ಒಪ್ಪಿಸುವ ಮುನ್ನ ಪ್ರತಿ ಪುಟದ ಫೋಟೋ ತೆಗೆದಿಡಿ. ನೋಂದಣಿಗೆ ಹಾಕಿದ ಅರ್ಜಿ ಮರಳಿ ಬರುವುದು ಇಂಥ ಒಂದು ತಾರೀಖು ತಪ್ಪಿದ್ದಕ್ಕೆ, ಅಷ್ಟು ಹೊತ್ತಿಗೆ ಸಹಿ ಹಾಕಿದ ಮೇಡಂ ಬೇರೆ ಕಾಲೇಜಿಗೆ ಹೋಗಿರುತ್ತಾರೆ.