ಮನೆ ವಿಡಿಯೊ ನೆಟ್‌ನಲ್ಲಿ ನಿಲ್ಲದೆ ಓಡಬೇಕಾದರೆ

ತಂಗಿಯ ಮಗನ ನಾಮಕರಣಕ್ಕೆ ಬರಲಾಗದ ನಮ್ಮ ಅತ್ತೆ ತೀರ್ಥಹಳ್ಳಿಯ ಮನೆಯಲ್ಲಿ ಫೋನ್ ಹಿಡಿದು ಆಮೇಲೆ ಅದರ ವಿಡಿಯೊ ನೋಡುತ್ತಾ ಕೂತಿದ್ದರು. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಪರದೆ ಮೇಲೆ ಚಕ್ರ ತಿರುಗತೊಡಗಿತು. ‘ನಮ್ಮೂರಿನ ನೆಟ್ಟೇ ಇಷ್ಟು ಕಣೋ’ ಅಂದರು. ನೆಟ್ ಚೆನ್ನಾಗೇ ಇತ್ತು. ಫೋನಿನ ಫೈಲನ್ನು ಹಾಗ್‌ಹಾಗೇ ನಮ್ಮ ಮನೆಯವರ ವೆಬ್‌ಸೈಟಿಗೆ ಏರಿಸಿದ್ದೇ ತಪ್ಪು. ಈ ತಪ್ಪನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಮೊದಲು, ವಿಡಿಯೊವನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಬೇಡ. ಅದು ಆಗಲೇ ಒಮ್ಮೆ ಹಿಂಡಿದ ಕಬ್ಬು.

ಎರಡನೆಯದು ಕತ್ತರಿ. ಶಾಟ್‌ಕಟ್ ಅನ್ನುವ ವಿಡಿಯೊ ಕತ್ತರಿಸುವ ತಂತ್ರಾಂಶ ಉಚಿತ, ಅದು ಸಾಕು. ಕೈ ನಡುಗಿದ್ದು, ನೆಲ ತೋರಿಸಿದ್ದು ಎಲ್ಲ ತೆಗೆಯಿರಿ. ದೃಶ್ಯಗಳ ನಡುವೆ ಹೂವು ಉದುರಿಸುವ ಎಫೆಕ್ಟ್ ಖಂಡಿತ ಬೇಡ. ವಿಡಿಯೊ ಫೈಲಿನಲ್ಲಿ ಹೆಚ್ಚಾಗಿ ಉಳಿಯುವುದು ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತು ಅನ್ನುವುದು ಮಾತ್ರ. ಪರದೆ ತುಂಬ ಹೂವು ಉದುರಿದರೆ ಎಲ್ಲವೂ ಬದಲಾದಂತೆಯೇ, ಅಲ್ವಾ? ಡೇಟಾ ಅಲ್ಲೇ ಸೋರುತ್ತದೆ. ಕತ್ತರಿಸಿದ್ದನ್ನು ಒಳ್ಳೆಯ ಗುಣಮಟ್ಟದಲ್ಲೇ ಎಕ್ಸ್‌ಪೋರ್ಟ್ ಮಾಡಿ.

ಜನ ಎಡವುವುದು ಮೂರನೆಯ ಹಂತದಲ್ಲಿ, ಫೈಲನ್ನು ಕುಗ್ಗಿಸುವಾಗ. ಇದಕ್ಕೆ ಹ್ಯಾಂಡ್‌ಬ್ರೇಕ್ ಅನ್ನುವ ತಂತ್ರಾಂಶ ಬಳಸಿ. ಅದೂ ಉಚಿತ. ‘ಫ್ರೀ ಕನ್ವರ್ಟರ್’ ಅಂತ ಹುಡುಕಿ ಸಿಕ್ಕಿದ್ದನ್ನೆಲ್ಲ ಹಾಕಿಕೊಳ್ಳಬೇಡಿ. ಅಂಥದ್ದೊಂದು ನಮ್ಮ ಮಗುವಿನ ಮುಖದ ಮೇಲೇ ತನ್ನ ಹೆಸರು ಒತ್ತಿತ್ತು.

ಹ್ಯಾಂಡ್‌ಬ್ರೇಕ್‌ನಲ್ಲಿ ‘ಫಾಸ್ಟ್ 720ಪಿ30’ ಅನ್ನುವ ಸಿದ್ಧ ಆಯ್ಕೆ (ಪ್ರಿಸೆಟ್) ಆರಿಸಿ. ಅಂದರೆ ಚಿತ್ರದ ಎತ್ತರ 720 ಸಾಲು, ಸೆಕೆಂಡಿಗೆ 30 ಚಿತ್ರ. ಫಾರ್ಮ್ಯಾಟ್ ಎಂಪಿ4, ಎನ್‌ಕೋಡರ್ (ಕುಗ್ಗಿಸುವ ವಿಧಾನ) ಎಚ್.264. ಎಚ್.265ರಲ್ಲಿ ಫೈಲ್ ಇನ್ನೂ ಚಿಕ್ಕದಾಗುವುದು ನಿಜ, ಆದರೆ ಹಳೆಯ ಫೋನು, ಬ್ರೌಸರುಗಳಲ್ಲಿ ತೆರೆಯದೇ ಹೋಗಬಹುದು. ಫೋನುಗಳು ಫ್ರೇಮ್‌ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದನ್ನು, ಏರಿಳಿಸುತ್ತಾ ಚಿತ್ರೀಕರಿಸುತ್ತವೆ. ಹಾಗಾಗಿ 30 ಇಟ್ಟು ‘ಕಾನ್‌ಸ್ಟೆಂಟ್’ ಒತ್ತಿ. ಇಲ್ಲವಾದರೆ ಮಾತು ಒಂದು ಕಡೆ, ತುಟಿ ಒಂದು ಕಡೆ ಆಗುವುದುಂಟು.

ಈಗ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿಗೆ ಹರಿಯುವ ಡೇಟಾ. ಫೋನಿನ 4ಕೆ ವಿಡಿಯೊ ಒಂದು ನಿಮಿಷಕ್ಕೇ 170ರಿಂದ 350 ಎಂಬಿ ತಿನ್ನುತ್ತದೆ. ನೀವು ‘ಆ್ಯವರೇಜ್ ಬಿಟ್‌ರೇಟ್’ ಆರಿಸಿ 2500 (ಸೆಕೆಂಡಿಗೆ ಕಿಲೋಬಿಟ್ ಲೆಕ್ಕ) ಬರೆಯಿರಿ. ಧ್ವನಿಗೆ ಎಎಸಿ ಅನ್ನುವ ವಿಧಾನ, ಬಿಟ್‌ರೇಟ್ 128. ಎರಡೂ ಸೇರಿ ನಿಮಿಷಕ್ಕೆ ಸುಮಾರು 20 ಎಂಬಿ. ಅತ್ತೆಯ ಫೋನಿಗೆ ಅಷ್ಟು ಧಾರಾಳವಾಯಿತು. ಎರಡು ಸುತ್ತು ಎನ್‌ಕೋಡ್ ಮಾಡುವ ಆಯ್ಕೆಯನ್ನೂ ಹಾಕಿಡಿ. ಹೊತ್ತು ಜಾಸ್ತಿ ಹಿಡಿದರೂ ಓಡಾಟವಿರುವ ದೃಶ್ಯ ಚೌಕ ಚೌಕವಾಗಿ ಒಡೆಯುವುದು ಕಡಿಮೆಯಾಗುತ್ತದೆ.

ಇನ್ನೊಂದು ಪುಟ್ಟ ಚೌಕವಿದೆ: ‘ವೆಬ್ ಆಪ್ಟಿಮೈಸ್ಡ್’. ಇದಕ್ಕೆ ಟಿಕ್ ಹಾಕಲೇಬೇಕು. ಎಂಪಿ4 ಫೈಲಿಗೆ ಒಂದು ಪರಿವಿಡಿ ಇರುತ್ತದೆ. ಯಾವ ಚಿತ್ರ ಎಲ್ಲಿದೆ ಅನ್ನುವ ಪಟ್ಟಿ ಅದು. ಸಾಮಾನ್ಯವಾಗಿ ಅದು ಫೈಲಿನ ಕೊನೆಯಲ್ಲಿ ಕೂತಿರುತ್ತದೆ. ಅದು ಸಿಗುವ ತನಕ ಬ್ರೌಸರಿಗೆ ಮೊದಲ ಚಿತ್ರವನ್ನೂ ತೋರಿಸಲಾಗದು. ಟಿಕ್ ಹಾಕಿದರೆ ಪರಿವಿಡಿ ಮುಂದಕ್ಕೆ ಬರುತ್ತದೆ, ಉಳಿದದ್ದು ಇಳಿಯುತ್ತಿರುವಾಗಲೇ ವಿಡಿಯೊ ಶುರುವಾಗುತ್ತದೆ.

ಯೂಟ್ಯೂಬಿಗೆ ಹಾಕುವವರಿಗೆ ಈ ಕುಗ್ಗಿಸುವ ಕೆಲಸ ಬೇಡ. ಅದು ತಾನೇ ಮತ್ತೆ ಕುಗ್ಗಿಸುತ್ತದೆ, ನೀವು ಒಳ್ಳೆಯ ಪ್ರತಿಯನ್ನೇ ಕೊಡಿ.

ಏರಿಸಿದ ಮೇಲೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಬೆರಳಿನಿಂದ ನಡುಮಧ್ಯಕ್ಕೆ ಎಳೆಯಿರಿ. ತಡವಿಲ್ಲದೆ ಓಡಿದರೆ ಲಿಂಕ್ ಕಳಿಸಿ. ಮತ್ತೆ ನಿಂತರೆ ಚಿತ್ರವನ್ನು 480ಪಿಗೆ, ಬಿಟ್‌ರೇಟನ್ನು 1200ಕ್ಕೆ ಇಳಿಸಿ ಇನ್ನೊಮ್ಮೆ ಮಾಡಿ. ಫೋನಿನ ಮೂಲ ಫೈಲನ್ನು ಮಾತ್ರ ಅಳಿಸಬೇಡಿ.