ಮಳೆಯೂರಿನ ಮನೆಗೆ ಎಂಥ ಸರ್ವರ್ ಲ್ಯಾಬ್ ಬೇಕು?

ಶನಿವಾರಸಂತೆ ಕಡೆ ಐಟಿ ಸರ್ಟಿಫಿಕೇಟ್‌ಗೆ ಓದುವ ಹುಡುಗರು ಮನೆಯಲ್ಲೇ ಸರ್ವರ್ ಕೆಲಸ ಅಭ್ಯಾಸ ಮಾಡುವ ಲ್ಯಾಬ್ ಬಗ್ಗೆ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಹಳೇ ರ್‍ಯಾಕ್ ಸರ್ವರ್ ಅಗ್ಗಕ್ಕೆ ಸಿಗ್ತಿದೆ, ತಗೊಳ್ಲಾ?"

ಬೇಡ. ಕಂಪನಿಗಳ ಕಪಾಟಿನಲ್ಲಿ ಕೂರಿಸುವ ಆ ದೊಡ್ಡ ಕಂಪ್ಯೂಟರ್ ಸುಮ್ನೆ ಆನ್ ಆಗಿದ್ದರೂ 150 ವ್ಯಾಟ್ ಎಳೆಯಬಹುದು. ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 108 ಯೂನಿಟ್. ಗೃಹಜ್ಯೋತಿಯ ಮಿತಿ ದಾಟಿ ಬಿಲ್ ಬರುತ್ತದೆ. ಫ್ಯಾನ್ ಸದ್ದಿಗೆ ಅಪ್ಪ ಅಮ್ಮನಿಗೆ ನಿದ್ದೆ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ, ಅಲ್ವಾ? ಅಷ್ಟರಲ್ಲಿ ಮನೆಯ ಇನ್ವರ್ಟರ್ ಅದಕ್ಕೇ ಖಾಲಿ.

ನಾನು ಹೇಳುವುದು ಆಫೀಸುಗಳಲ್ಲಿ ಬಳಸಿ ಬಿಟ್ಟ ಮಿನಿ ಪಿಸಿ. ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಯಾವುದಾದರೂ ಸರಿ. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡ್‌ನಲ್ಲಿ ವಿಚಾರಿಸಿ. ಇಂಟೆಲ್ ಐ5-8500ಟಿ ಪ್ರೊಸೆಸರ್ ಇದ್ದರೆ 6 ಕೋರ್ ಸಿಗುತ್ತದೆ. ಕೆಲಸವಿಲ್ಲದಾಗ 15 ವ್ಯಾಟ್ ತಿಂದರೂ ತಿಂಗಳಿಗೆ ಸುಮಾರು 11 ಯೂನಿಟ್ ಅಷ್ಟೇ.

ದುಡ್ಡು ಹಾಕಬೇಕಾದ್ದು ರ್‍ಯಾಮ್‌ಗೆ. ರೆಡ್ ಹ್ಯಾಟ್‌ನ ಲಿನಕ್ಸ್ ಪರೀಕ್ಷೆ ಆರ್‌ಎಚ್‌ಸಿಎಸ್‌ಎಗೆ ತಲಾ 2 ಜಿಬಿಯ ಎರಡು ವರ್ಚುವಲ್ ಮಷಿನ್ (ಒಂದು ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಿಂದ ಓಡುವ ಇನ್ನೊಂದು ಕಂಪ್ಯೂಟರ್) ಸಾಕು. ಅಷ್ಟೇ ಓದುವವರ ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ಇದ್ದರೆ ಹೊಸದೇನೂ ಬೇಡ, ಇವನ್ನು ಓಡಿಸುವ ವರ್ಚುವಲ್‌ಬಾಕ್ಸ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಕುಬರ್ನೆಟೀಸ್ (ಹಲವು ಮಷಿನ್‌ಗಳಲ್ಲಿ ಆ್ಯಪ್‌ಗಳನ್ನು ಓಡಿಸಿ ನಿಭಾಯಿಸುವ ಸಾಫ್ಟ್‌ವೇರ್) ಪರೀಕ್ಷೆ ಸಿಕೆಎಗೆ ಇಂಥ ಮೂರು ಮಷಿನ್ ಬೇಕು, ಒಂದೊಂದಕ್ಕೆ ಕನಿಷ್ಠ 2 ಜಿಬಿ. ವಿಂಡೋಸ್ ಸರ್ವರ್‌ನಲ್ಲಿ ಡೊಮೇನ್ (ಆಫೀಸಿನ ಕಂಪ್ಯೂಟರ್, ಬಳಕೆದಾರರನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಕಟ್ಟಿ ಕಲಿಯುವವರಿಗೆ ಇನ್ನೂ ಜಾಸ್ತಿ. ಹಾಗಾಗಿ 16 ಜಿಬಿಯ ಒಂದೇ ಸ್ಟಿಕ್ ಹಾಕಿಸಿ. ಎರಡನೇ ಸ್ಲಾಟ್ ಖಾಲಿ ಇರಲಿ, ಕೈಯಲ್ಲಿ ದುಡ್ಡಿದ್ದಾಗ 32 ಮಾಡಿಕೊಳ್ಳಬಹುದು. ಡಿಸ್ಕ್ ಮಾತ್ರ ಎಸ್‌ಎಸ್‌ಡಿಯೇ ಇರಬೇಕು, 500 ಜಿಬಿ ಧಾರಾಳ. ಅದರ ಮೇಲೆ ವರ್ಚುವಲ್ ಮಷಿನ್‌ಗಳನ್ನು ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿ, ಅದು ಉಚಿತ.

ಸಿಸ್ಕೊದ ನೆಟ್‌ವರ್ಕ್ ಪರೀಕ್ಷೆ ಸಿಸಿಎನ್‌ಎಗೆ ಓದುವವರು ಹಳೇ ಸ್ವಿಚ್, ರೂಟರ್ ಕೊಳ್ಳಬೇಡಿ. ಅವನ್ನೆಲ್ಲ ಪರದೆಯ ಮೇಲೇ ಜೋಡಿಸಿ ಕಲಿಯುವ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಆ ದುಡ್ಡಲ್ಲಿ 600 ವಿಎ ಯುಪಿಎಸ್ ತಗೊಳ್ಳಿ. ಮನೆಯ ಇಂಟರ್ನೆಟ್ ರೂಟರನ್ನೂ ಅದಕ್ಕೇ ಹಾಕಿ.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಮಿನಿ ಪಿಸಿ ಆನ್ ಮಾಡಿಸಿ ಬಯಾಸ್ (ಅದರ ಮೂಲ ಸೆಟ್ಟಿಂಗ್ ಪರದೆ) ತೆರೆಸಿ. ಹಳೇ ಕಂಪನಿಯ ಪಾಸ್‌ವರ್ಡ್ ಕೇಳಿದರೆ ಆ ಪೆಟ್ಟಿಗೆ ಬೇಡವೇ ಬೇಡ. ಒಳಗೆ ವರ್ಚುವಲ್ ಮಷಿನ್ ಓಡಿಸಲು ಬೇಕಾದ ವರ್ಚುವಲೈಸೇಷನ್ ಆನ್ ಆಗುತ್ತದಾ ನೋಡಿ. ಕರೆಂಟ್ ಹೋಗಿ ಬಂದಾಗ ತಾನೇ ಆನ್ ಆಗುವ ಆಯ್ಕೆಯೂ ಅಲ್ಲೇ ಇರುತ್ತದೆ, ನಮ್ಮೂರಲ್ಲಿ ಅದು ತುಂಬಾ ಉಪಯೋಗ. ಅಡಾಪ್ಟರ್ ಅದೇ ಕಂಪನಿಯದ್ದೇ ಕೇಳಿ. ಡೆಲ್ ಮಷಿನ್‌ಗಳು ಬೇರೆ ಅಡಾಪ್ಟರ್ ಗುರುತಿಸದೆ ಪ್ರೊಸೆಸರನ್ನೇ ನಿಧಾನ ಮಾಡಿಬಿಡುತ್ತವೆ.

ಇನ್ನು ತೇವ. ಹೊರಗೋಡೆಗೆ ತಾಗಿಸಿ, ನೆಲದ ಮೇಲೆ ಇಡಬೇಡಿ. ಮಳೆಗಾಲದಲ್ಲಿ ವಾರಗಟ್ಟಲೆ ಆಫ್ ಮಾಡಿಡುವುದಕ್ಕಿಂತ ಓಡುತ್ತಿರುವುದೇ ಒಳ್ಳೇದು. ಆ ಬಿಸಿಗೆ ಒಳಗೆ ತೇವ ಕೂರುವುದು ಕಡಿಮೆ.

ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಶುರುವಾದರೆ ಮಾತ್ರ ಶಟ್‌ಡೌನ್ ಮಾಡಿ ಯುಪಿಎಸ್‌ನ ಪ್ಲಗ್ಗನ್ನೇ ಗೋಡೆಯಿಂದ ಕೀಳಿ. ಹೋಂಸ್ಟೇ ಕಾಟೇಜಿಗೋ ತೋಟದ ಕೆಲಸಗಾರರ ಲೈನ್ ಮನೆಗೋ ಹೊರಗಿಂದ ಲ್ಯಾನ್ ಕೇಬಲ್ ಎಳೆದಿದ್ದರೆ ಅದನ್ನೂ ಕೀಳಲೇಬೇಕು. ಯುಪಿಎಸ್ ಇದ್ದರೂ ಸಿಡಿಲಿನ ಹೊಡೆತ ಆ ತಂತಿಯಲ್ಲೇ ಬಂದು ಮಷಿನ್ ಸುಡಬಹುದು.