ಕೆರೆಯ ಅಲೆಯನ್ನು ಪರದೆಯ ಮೇಲೆ ಎಬ್ಬಿಸಿದ ಬಗೆ

ಕುಂಬಳೆ ಬಳಿಯ ಅನಂತಪುರದಲ್ಲಿ ಕೆರೆಯ ನಡುವೆ ಗುಡಿಯಿದೆ. ಅಂಥದೊಂದು ಕೆರೆಯನ್ನು ಕಂಪ್ಯೂಟರಿನಲ್ಲಿ ಮಾಡಬೇಕಿತ್ತು. ಕಲ್ಲೆಸೆದ ಕೂಡಲೇ ಅಲೆ ಏಳಬೇಕು, ಗುಡಿಯ ಅಡಿಪಾಯಕ್ಕೆ ಬಡಿದು ಮರಳಬೇಕು. ಇದಕ್ಕೆ ನೀರಿನೊಳಗಿನ ಚಲನೆಯ ಲೆಕ್ಕವೆಲ್ಲ ಬೇಡ, ಮೇಲ್ಮೈಯ ಎತ್ತರ ಸಾಕು.

64 ಮೀಟರ್ ಚೌಕವನ್ನು 256×256 ಮನೆಗಳಾಗಿ ಒಡೆದೆ. ಒಂದು ಮನೆ 25 ಸೆಂ.ಮೀ. ಪ್ರತಿ ಮನೆಗೂ ಎರಡು ಸಂಖ್ಯೆ: ನೀರಿನ ಎತ್ತರ ಮತ್ತು ಅದು ಏರಿಳಿಯುವ ವೇಗ. ನಾಲ್ಕು ನೆರೆಮನೆಗಳ ಎತ್ತರ ಕೂಡಿಸಿ, ತನ್ನ ಎತ್ತರದ ನಾಲ್ಕರಷ್ಟನ್ನು ಕಳೆಯಬೇಕು. ಅದನ್ನು ಅಲೆಯ ವೇಗದ ವರ್ಗದಿಂದ ಗುಣಿಸಿ, ಮನೆಯ ಅಗಲದ ವರ್ಗದಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ. ಅದರಿಂದ ಎಲ್ಲ ಮನೆಗಳ ವೇಗ ತಿದ್ದಿ ಮುಗಿದ ಮೇಲೆಯೇ ಎತ್ತರಕ್ಕೆ ಕೈ ಹಾಕಬೇಕು. ಎರಡನ್ನೂ ಒಂದೇ ಸುತ್ತಿನಲ್ಲಿ ಮಾಡಿದರೆ ಉಂಗುರ ಒಂದು ಬದಿಗೆ ವಾಲುತ್ತದೆ. ಲೆಕ್ಕ ಒಮ್ಮೆಗೆ ಮುಂದೆ ಸಾಗುವ ಕಾಲದ ತುಣುಕೇ ಹೆಜ್ಜೆ; ವೇಗವನ್ನು ಪ್ರತಿ ಹೆಜ್ಜೆಗೂ 0.995ರಿಂದ ಗುಣಿಸಿದೆ. ಇಲ್ಲದಿದ್ದರೆ ಕೆರೆ ತಣಿಯುವುದೇ ಇಲ್ಲ.

ಎಲ್ಲರೂ ಎಡವುವುದು ಕಾಲದ ಹೆಜ್ಜೆಯಲ್ಲಿ. ಆಳ 2 ಮೀಟರ್ ಎಂದರೆ ಅಲೆಯ ವೇಗ ಸೆಕೆಂಡಿಗೆ 4.4 ಮೀಟರ್. ಮನೆಯ ಅಗಲವನ್ನು ಈ ವೇಗದಿಂದಲೂ 1.414ರಿಂದಲೂ ಭಾಗಿಸಿದರೆ 0.04 ಸೆಕೆಂಡ್, ಹೆಜ್ಜೆ ಅದಕ್ಕಿಂತ ದೊಡ್ಡದಾಗಕೂಡದು. ನಾನು ಮೊದಲು ಹೆಜ್ಜೆಯನ್ನು ಫ್ರೇಮಿಗೆ, ಅಂದರೆ ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೆ, ಕಟ್ಟಿಹಾಕಿದ್ದೆ. ಯಂತ್ರ ಸೆಕೆಂಡಿಗೆ 20 ಫ್ರೇಮಿಗೆ ಇಳಿದದ್ದೇ ತಡ, ನೀರಿನ ಮೇಲೆ ಚದುರಂಗದ ಹಾಸಿನಂಥ ಏರುತಗ್ಗು ಮೂಡಿ, ಕ್ಷಣದಲ್ಲಿ ಎತ್ತರಗಳು ಅನಂತಕ್ಕೆ ಹಾರಿದವು. ಈಗ ಹೆಜ್ಜೆ ಯಾವತ್ತೂ 1/60 ಸೆಕೆಂಡ್. ಫ್ರೇಮ್ ತಡವಾದರೆ ಹಲವು ಹೆಜ್ಜೆ ಹಾಕುವುದು, ನಾಲ್ಕಕ್ಕಿಂತ ಹೆಚ್ಚು ಬೇಡ. ಮಿತಿಯಿಲ್ಲದಿದ್ದರೆ ಲೆಕ್ಕವೇ ಮುಂದಿನ ಫ್ರೇಮನ್ನು ಇನ್ನಷ್ಟು ತಡಮಾಡುತ್ತದೆ.

ಕಲ್ಲುಗೋಡೆಯ ಬದಿಯಲ್ಲಿ ನೆರೆಮನೆಯ ಎತ್ತರವೆಂದು ತನ್ನದೇ ಎತ್ತರವನ್ನು ಕೊಡಬೇಕು. ಸೊನ್ನೆ ಕೊಟ್ಟರೆ ಉಬ್ಬಿ ಹೋದ ಅಲೆ ತಗ್ಗಾಗಿ ಮರಳುತ್ತದೆ.

ಕಲ್ಲು ಬಿದ್ದ ಜಾಗದಲ್ಲಿ ಒಂದೇ ಮನೆಯನ್ನು ಒತ್ತಬೇಡಿ, ಬರೀ ಹಲ್ಲುಹಲ್ಲಾದ ಕಿರುಅಲೆ ಏಳುತ್ತದೆ. ನಾಲ್ಕು ಮನೆ ತ್ರಿಜ್ಯದ ನುಣುಪಾದ ಕುಳಿ ತೋಡಿ, ಕಳೆದಷ್ಟೇ ನೀರನ್ನು ಸುತ್ತ ಏರಿಸಿದೆ. ಏರಿಸದೆ ಬಿಟ್ಟರೆ ಕಲ್ಲು ಬಿದ್ದಷ್ಟೂ ಕೆರೆ ಇಳಿಯುತ್ತ ಹೋಗುತ್ತದೆ!

ಇಷ್ಟಾದರೂ ಅಲೆ ನಂಬುವಂತಿರಲಿಲ್ಲ, ವಿಪರೀತ ಓಟ. ಆಳದಿಂದ ವೇಗ ತೆಗೆಯುವ ಸೂತ್ರ ಆಳಕ್ಕಿಂತ ಬಹಳ ಉದ್ದದ ಅಲೆಗೆ ಮಾತ್ರ ಸಲ್ಲುತ್ತದೆ. 2 ಮೀಟರ್ ಉದ್ದದ ಅಲೆ ಅಂಥ ಕೆರೆಯಲ್ಲಿ ನಿಜಕ್ಕೂ ಸೆಕೆಂಡಿಗೆ ಸುಮಾರು 1.8 ಮೀಟರ್ ಸಾಗುತ್ತದೆ. ಹಾಗಾಗಿ ಲೆಕ್ಕಕ್ಕೆ ಆಳವನ್ನು 0.32 ಮೀಟರ್ ಎಂದೇ ಕೊಟ್ಟೆ. ಕಣ್ಣು ಒಪ್ಪಿತು, ಹೆಜ್ಜೆಯ ಮಿತಿಯೂ ಸಡಿಲವಾಯಿತು. ಆದರೆ ಉದ್ದ ಅಲೆ ಮುಂದೆ, ಗಿಡ್ಡ ಅಲೆ ಹಿಂದೆ ಎಂದು ಚದುರುವ ಚೆಲುವು ಇದರಲ್ಲಿ ಸರಿಯಾಗಿ ಬರುವುದಿಲ್ಲ.

ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಮಗುಚಿ ಬೀಳುವ ತೆರೆಗೆ ಈ ವಿಧಾನ ಆಗದು. ಒಂದು ಮನೆಗೆ ಒಂದೇ ಎತ್ತರ ಇರುವಾಗ ನೀರು ತನ್ನ ಮೇಲೆ ತಾನೇ ಬಾಗಲಾರದು; ಅಲ್ಲಿಗೆ ನೀರನ್ನು ಕಣಕಣವಾಗಿ ಹಿಡಿಯುವಂಥ ಬೇರೆ ಲೆಕ್ಕ ಬೇಕು.